ರೊಟ್ಟಿ, ಕೆರ ಮತ್ತು ಕೃಪೆ: ರಾಯಚೂರು ಸೀಮೆಯಲ್ಲಿ ಕ್ರೈಸ್ತ ಸ್ವೀಕಾರದ ಪರಿಕಲ್ಪನೆ

ಮನುಷ್ಯನು ಮೊದಲು ಶುದ್ಧನಾಗಿ ಆಮೇಲೆ ದೇವರ ಪ್ರೀತಿಗೆ ಪಾತ್ರನಾಗುವುದಿಲ್ಲ. ದೇವರು ಅವನನ್ನು ಇದ್ದಂತೆಯೇ ಸ್ವೀಕರಿಸುವುದರಿಂದ ಅವನ ಬಾಳು ಬದಲಾಗತೊಡಗುತ್ತದೆ ಎಂಬುದು ಕ್ರೈಸ್ತಧರ್ಮದ ಮೂಲ ನಂಬಿಕೆಗಳಲ್ಲೊಂದು. ಕನ್ನಡ ಕ್ರೈಸ್ತರು ಇದನ್ನು ‘ಕೃಪೆ’ ಎಂದು ಕರೆಯುತ್ತಾರೆ. ಈ ಪದ ಮಿಷನರಿಗಳು ತಂದುದಲ್ಲ. ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಹರಿದಾಸರಿಂದಾಗಿ ಅದು ಮನೆಮಾತಾಗಿತ್ತು. ಆದ್ದರಿಂದ ಈ ಪರಿಕಲ್ಪನೆಯನ್ನು ಇಲ್ಲಿಯದೇ ಆದ ಒಂದು ಐತಿಹ್ಯದ ಪಕ್ಕದಲ್ಲಿಟ್ಟು ನೋಡುವುದು ಉಚಿತ.

ಮಾನ್ವಿಯ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರ ಬಗ್ಗೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ಪಂಕ್ತಿಗೆ ಬರಲಿಲ್ಲ. ನೆಪವೇ ನಿಜವಾಯಿತು. ಕೊನೆಗೆ, ಈಗಿನ ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಜೋಳದ ರೊಟ್ಟಿಯ ಮೂಲಕ ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ, ಆ ಪಂಡಿತರೇ ಮುಂದೆ ‘ಹರಿಕಥಾಮೃತಸಾರ’ದ ಜಗನ್ನಾಥದಾಸರಾದರೆಂದೂ ಐತಿಹ್ಯ ಹೇಳುತ್ತದೆ. ಅವಮಾನಿಸಿದವನಿಗೇ ಆಯುಷ್ಯವನ್ನು ಕೊಡುವ ಈ ದಾನದಲ್ಲಿ ಅರ್ಹತೆಯ ಲೆಕ್ಕವಿಲ್ಲ. ಆದರೆ ನೋವು ಅಹಂಕಾರವನ್ನು ಕರಗಿಸಿದ ಮೇಲಷ್ಟೇ ರೊಟ್ಟಿ ಕೈಗೆ ಬರುತ್ತದೆಂಬುದನ್ನು ಗಮನಿಸಬೇಕು.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ದಾರಿತಪ್ಪಿದ ಮಗನ ಸಾಮತಿಯಲ್ಲಿ ಈ ಕ್ರಮ ತಿರುವುಮುರುವಾಗಿದೆ. ಆಸ್ತಿ ಕಳೆದು, ಹಂದಿ ಕಾಯ್ದು ಹಿಂತಿರುಗುವ ಮಗ ತನ್ನನ್ನು ಆಳಾಗಿಯಾದರೂ ಇಟ್ಟುಕೊಳ್ಳಬೇಕೆಂದು ಬೇಡುವ ಮಾತನ್ನು ಸಿದ್ಧಪಡಿಸಿಕೊಂಡಿರುತ್ತಾನೆ. ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಆಳಿನ ಮಾತು ಮಗನ ಬಾಯಿಂದ ಹೊರಡುವುದೇ ಇಲ್ಲ. ನಿಲುವಂಗಿ, ಉಂಗುರ, ಕಾಲಿಗೆ ಕೆರ, ಆಮೇಲೆ ಔತಣ. ನಮ್ಮ ಶ್ರೀನಿವಾಸಾಚಾರ್ಯರಿಗೆ ಹೋಲಿಕೆಯಿರುವುದು ಈ ಕಿರಿಯ ಮಗನೊಂದಿಗಲ್ಲ, ಔತಣದ ಮನೆಯೊಳಗೆ ಕಾಲಿಡಲೊಲ್ಲದ ಹಿರಿಯ ಮಗನೊಂದಿಗೆ. ಅವನು ಕಡೆಗೂ ಒಳಗೆ ಬಂದನೇ ಎಂಬುದನ್ನು ಸಾಮತಿ ಹೇಳುವುದಿಲ್ಲ.

ರಾಯಚೂರು ನಗರದಲ್ಲಿ ನೆಲೆಯೂರಿದ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ (1703–1791) ಮನುಷ್ಯನ ಪ್ರಯತ್ನಕ್ಕಿಂತ ಮುಂಚೆಯೇ ಬರುವ ಕೃಪೆಯನ್ನು ಒತ್ತಿಹೇಳಿದವನು. ಕಾಲದಿಂದ ಅವನು ಗೋಪಾಲದಾಸರ ಸಮಕಾಲೀನ ಎಂಬುದು ಕುತೂಹಲಕರ. ಕೃಪೆಯ ವಿಷಯದಲ್ಲಿ ಕಥೋಲಿಕರಿಗೂ ಲೂಥರನ್ನರಿಗೂ ಇದ್ದ ಶತಮಾನಗಳ ವಿವಾದವು 1999ರ ಜಂಟಿ ಘೋಷಣೆಯಿಂದ ಬಹುಮಟ್ಟಿಗೆ ಶಮನಗೊಂಡಿತು. ಮೆಥೊಡಿಸ್ಟರು 2006ರಲ್ಲಿ ಅದಕ್ಕೆ ಸಮ್ಮತಿಸಿದರು.

ಆದರೆ ಕೇರಿಯಲ್ಲಿ ಈ ತತ್ತ್ವ ಎದುರಿಸಿದ ಪ್ರಶ್ನೆ ಬೇರೆ. ಊರಿಗೆಲ್ಲ ಕೆರ ಹೊಲಿದುಕೊಟ್ಟ ಮಾದಿಗರು ಮೇಲ್ಜಾತಿಯವರ ಓಣಿಯಲ್ಲಿ ಅದನ್ನು ಮೆಟ್ಟಿ ನಡೆಯುವಂತಿರಲಿಲ್ಲ. ಅಂಥವರ ಕಿವಿಗೆ ಮಗನ ಕಾಲಿಗೆ ಕೆರ ತೊಡಿಸುವ ತಂದೆಯ ಕಥೆ ಅಲಂಕಾರದ ಮಾತಾಗಿ ಕೇಳಿಸಿರಲಾರದು. ಮಾನ್ವಿ ಬಳಿಯ ಪನ್ನೂರಿನಲ್ಲಿ ಜೆಸ್ವಿಟ್ ಗುರುಗಳು ಈ ಶತಮಾನದಲ್ಲಿ ಆರಂಭಿಸಿದ ಕೆಲಸ ಶಾಲೆಯಿಂದ, ಅದೂ ಮುಖ್ಯವಾಗಿ ಈ ಸಮುದಾಯದ ಮಕ್ಕಳ ನಡುವೆ ಮೊದಲಾದುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಚರ್ಚು ತಾನು ಸಾರಿದಂತೆಯೇ ಎಲ್ಲೆಡೆ ನಡೆದುಕೊಂಡಿತೆನ್ನಲಾಗದು. ದಕ್ಷಿಣ ಭಾರತದ ಹಲವೆಡೆ ಆರಾಧನೆಯ ಆಸನವೂ ಸ್ಮಶಾನವೂ ಜಾತಿವಾರು ಬೇರೆಯಾಗಿದ್ದವು. 1950ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಿಗಷ್ಟೇ ಆ ಸ್ಥಾನವನ್ನು ನೀಡಿ, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು, ಕ್ರೈಸ್ತರು ಹೊರಗುಳಿದರು. ಚಪ್ಪಲಿ ಹೊಲಿಯುವ ಕ್ರೈಸ್ತರೊಬ್ಬರು ರಸ್ತೆಬದಿಯ ಸರ್ಕಾರಿ ಗೂಡಂಗಡಿಗಾಗಿ ಹೂಡಿದ ಸೂಸೈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಜಾತಿಯ ಬಾಧೆ ಕ್ರೈಸ್ತ ಸಮುದಾಯದೊಳಗೂ ಅಷ್ಟೇ ತೀವ್ರವಾಗಿ ಮುಂದುವರಿದಿದೆಯೆಂದು ತೋರಿಸಬೇಕೆಂದು ಹೇಳಿತು. ಎಂದರೆ, ಗೂಡಂಗಡಿ ಬೇಕಾದರೆ ತನ್ನ ಚರ್ಚು ತನ್ನನ್ನು ಸ್ವೀಕರಿಸಿಲ್ಲವೆಂದು ಭಕ್ತನೇ ಸಾಕ್ಷಿ ನುಡಿಯಬೇಕಾಗಿತ್ತು.