ಆಶ್ರಯ ಮತ್ತು ಆಸರೆ

ಸಂಸ್ಕೃತದ ‘ಆಶ್ರಯ’ ಎಂಬ ಶಬ್ದವೇ ಕನ್ನಡದ ನಾಲಗೆಯ ಮೇಲೆ ತದ್ಭವವಾಗಿ ‘ಆಸರೆ’ ಎನಿಸಿತೆಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಬಳಕೆಯಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿದಿವೆ ಎಂಬುದು ಮಾತ್ರ ನನಗೆ ಅರಿವಾದದ್ದು ನಿವೃತ್ತನಾದ ಮೇಲೆ. ನಮ್ಮ ಜಿಲ್ಲೆಯವರೇ ಆದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ಬಂದ ವಸತಿ ಯೋಜನೆಯಿಂದ ‘ಆಶ್ರಯ ಮನೆ’ ಎಂಬುದು ಮನೆಮಾತಾಯಿತು. ಆಶ್ರಯವೆಂದರೆ ತಲೆಯ ಮೇಲೊಂದು ಸೂರು. ಆಸರೆಯೆಂದರೆ ಎಡವಿದಾಗ ಹಿಡಿದುಕೊಳ್ಳಲು ಒಂದು ಕೈ. ಸೂರಿದ್ದೂ ನಾಳೆ ಕೈಯಿಲ್ಲದಂತಾಗುವವರ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ನನ್ನ ತಮ್ಮನಿಗೆ ಐವತ್ತೈದು ವರ್ಷ. ಹುಟ್ಟಿನಿಂದಲೂ ಅವನ ಬುದ್ಧಿಯ ಬೆಳವಣಿಗೆ ನಿಧಾನ. ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ನಾವು ಬೆಳೆದದ್ದು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1923ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆಯ ಬೆನ್ನಿಗೇ ಮನೆ, ಆಸ್ಪತ್ರೆ, ಶಾಲೆ ಎಲ್ಲವೂ ಬೆಳೆದವು. ತಮ್ಮನಿಗೆ ಕಾರ್ಖಾನೆಯ ಸೈರನ್ನೇ ಗಡಿಯಾರ. ಮೂಲೆಯ ಅಂಗಡಿಯವರು ಅವನ ಅಂಗೈಯಲ್ಲಿ ಚಿಲ್ಲರೆ ಎಣಿಸಿಟ್ಟು ಕಳುಹಿಸುತ್ತಿದ್ದರು. ದಾರಿ ತಪ್ಪಿದರೆ ಯಾರಾದರೊಬ್ಬರು ಮನೆಗೆ ತಂದು ಬಿಡುತ್ತಿದ್ದರು. ಅದಕ್ಕೊಂದು ಹೆಸರಿರಲಿಲ್ಲ, ಆದರೆ ಅದೇ ಆಸರೆ.

ಕೆಲಸದೊಡನೆ ಬಂದ ಮನೆ ಕೆಲಸದೊಡನೆಯೇ ಹೋಗುವುದು ಎಲ್ಲೆಡೆಯ ನಿಯಮ. ತಂದೆಯವರು ನಿವೃತ್ತರಾದಾಗ ಎಲ್ಲರೂ ಶಿವಮೊಗ್ಗದ ನನ್ನ ಮನೆಗೆ ಬಂದರು. ಎರಡೂ ಊರುಗಳ ನಡುವೆ ಬಸ್ಸಿನ ದಾರಿ ಒಂದು ಗಂಟೆಯೂ ಇಲ್ಲ. ಆದರೂ ಕೇಳಿಬಾರದ ಸೈರನ್ನಿಗಾಗಿ ತಮ್ಮ ತಿಂಗಳುಗಟ್ಟಲೆ ಹೊಸಿಲಲ್ಲಿ ಕಾದು ನಿಂತಿರುತ್ತಿದ್ದ. ತಂದೆತಾಯಿಗಳು ತೀರಿಹೋದರು. ಈಗ ನನಗೆ ಅರವತ್ತೆಂಟು, ನನ್ನ ಪತ್ನಿಗೆ ಮಂಡಿನೋವು, ಮಕ್ಕಳು ದೂರದ ಊರುಗಳಲ್ಲಿ. ಮೊನ್ನೆ ಊಟಕ್ಕೆ ಕುಳಿತಾಗ ಅವನು ಕೇಳಿದ: “ಅಣ್ಣಾ, ನೀನೂ ಅಪ್ಪನ ಹಾಗೆ ಹೋದ್ರೆ ನನ್ನ ಊಟಕ್ಕೆ ಯಾರು ಕರೀತಾರೆ?”

ಈ ಪ್ರಶ್ನೆಗೆ ಉತ್ತರ ವೃದ್ಧಾಶ್ರಮವೆಂದು ಕೆಲವರು ಹೇಳುತ್ತಾರೆ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮಗಳನ್ನು ಸರ್ಕಾರ ಸ್ಥಾಪಿಸಬಹುದೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ನನ್ನ ತಮ್ಮನಿಗೆ ಅರವತ್ತು ತುಂಬಿಲ್ಲ. ಅವನು ನಿರ್ಗತಿಕನೂ ಅಲ್ಲ. ಅವನಿಗೆ ಬೇಕಾದದ್ದು ನೂರೈವತ್ತು ಮಂಚಗಳಲ್ಲಿ ಒಂದಲ್ಲ. ಅವನದೇ ಒಂದು ಕೋಣೆ, ಅದಕ್ಕೊಂದು ಬೀಗದ ಕೈ, ಪರಿಚಿತವಾದ ಒಂದು ಬೀದಿ. ಮೂರು ನಾಲ್ಕು ಮಂದಿ ಕೂಡಿ ಒಂದು ಸಾಮಾನ್ಯ ಮನೆಯಲ್ಲಿ ವಾಸಿಸುತ್ತಾರೆ. ಅಡಿಗೆ, ಔಷಧಿ, ಬ್ಯಾಂಕಿನ ವ್ಯವಹಾರ, ರಾತ್ರಿಯ ಕಾವಲು ಇವುಗಳಲ್ಲಿ ಯಾರಿಗೆ ಎಷ್ಟು ಬೇಕೋ ಅಷ್ಟೇ ನೆರವು ದೊರೆಯುತ್ತದೆ. ಇದೇ ಆಸರೆಯ ಮನೆ. ಇಂಥವರಿಗೆ ಸಾಮಾನ್ಯರ ಬದುಕಿಗೆ ಆದಷ್ಟೂ ಹತ್ತಿರವಾದ ಬದುಕು ಸಲ್ಲಬೇಕೆಂಬ ತತ್ತ್ವವನ್ನು ಡೆನ್ಮಾರ್ಕ್ ದೇಶ 1959ರಲ್ಲಿಯೇ ಕಾನೂನಿಗೆ ತಂದಿತು. ನಮ್ಮ 2016ರ ಕಾಯ್ದೆಯೂ ಅಂಗವಿಕಲರಿಗೆ ಸಮಾಜದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ.

ಹಾಗಾದರೆ ಇನ್ನೇನು ಕೊರತೆ? ಮುಂದಾಲೋಚನೆಯ ಕೊರತೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3,22,650, ಭದ್ರಾವತಿಯದು 1,51,102. ಅಂಗವಿಕಲರೆಷ್ಟು ಮಂದಿ ಎಂಬುದನ್ನೂ ಆ ಗಣತಿ ಕೇಳಿತು. ರಾಜ್ಯದಲ್ಲಿ ಅವರು ಸುಮಾರು 13 ಲಕ್ಷ. ಆದರೆ ಮನೆಗಳ ಯೋಜನೆ ಮಾಡುವವರು ಎಣಿಸಬೇಕಾದದ್ದು ಆಸರೆ ಬೇಕಾದವರ ತಲೆಗಳನ್ನಷ್ಟೇ ಅಲ್ಲ, ಆಸರೆಯಾಗಿರುವವರ ವಯಸ್ಸನ್ನೂ. ಇಂದು ಎಪ್ಪತ್ತು ದಾಟಿದ ತಾಯಿಯೊಬ್ಬಳು ನಲವತ್ತರ ಮಗನನ್ನು ನೋಡಿಕೊಳ್ಳುತ್ತಿದ್ದರೆ, ಆ ಮನೆಯ ಅಗತ್ಯ ಹತ್ತು ವರ್ಷಕ್ಕೆ ಮೊದಲೇ ಗೊತ್ತಿರುವಂಥದು. ಮಹಾನಗರ ಪಾಲಿಕೆಯೂ ಭದ್ರಾವತಿಯ ನಗರಸಭೆಯೂ ವಾರ್ಡುವಾರು ಇಂಥದೊಂದು ಪಟ್ಟಿ ಮಾಡಿದರೆ, ಎಲ್ಲಿ, ಯಾವಾಗ, ಎಷ್ಟು ಮನೆ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಹೊಸ ಬಡಾವಣೆಯಲ್ಲಿ ಕೆಲವು ಮನೆಗಳನ್ನು ಮೊದಲೇ ತಕ್ಕಂತೆ ಕಟ್ಟಬಹುದು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು, ಮೂರು ಅಡಿ ಅಗಲದ ಬಾಗಿಲು, ನಮ್ಮ ಮಲೆನಾಡಿನ ಮಳೆಗಾಲದಲ್ಲಿಯೂ ಜಾರದ ನೆಲ: ಕಟ್ಟುವಾಗ ಇವು ದೊಡ್ಡ ಖರ್ಚಲ್ಲ, ಆಮೇಲೆ ಒಡೆದು ಮಾಡುವುದೇ ಖರ್ಚು.

ಮನೆಯವರ ಪಾಲಿನ ಕೆಲಸವೂ ಉಂಟು. ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೂ ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ಕಾನೂನಿನ ಕಣ್ಣಿಗೆ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಹಂತದ ಅಧಿಕಾರಿಯಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕರನ್ನು ನೇಮಿಸಿಕೊಳ್ಳಬೇಕಾಗುತ್ತದೆ. ಬಂಧುಗಳೂ ಅರ್ಜಿ ಕೊಡಬಹುದು. ನಾನು ಇದನ್ನು ತಿಳಿದುಕೊಂಡದ್ದೇ ತೀರ ತಡವಾಗಿ.

ಎರಡೂ ಊರುಗಳ ಮೂರು ಕುಟುಂಬದವರು ಈಗ ನಾವು ಕೂಡಿ ಮಾತನಾಡುತ್ತಿದ್ದೇವೆ. ಬಾಡಿಗೆ ಮನೆ ಯಾವ ಊರಿನಲ್ಲಿ ಎಂಬ ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಎರಡು ಅಭ್ಯಾಸ ಆರಂಭಿಸಿದ್ದೇವೆ. ತಮ್ಮನ ಔಷಧಿ, ಅವನಿಗೆ ಒಗ್ಗದ ಆಹಾರ, ಅವನು ಹೆದರುವ ಸಂಗತಿಗಳು, ಅತ್ತಾಗ ಸಮಾಧಾನಪಡಿಸುವ ಬಗೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ವಾರಕ್ಕೊಂದು ರಾತ್ರಿ ನಾವಿಬ್ಬರೂ ಬೇರೆಡೆ ಉಳಿಯುತ್ತೇವೆ; ಪಕ್ಕದ ಮನೆಯ ಹುಡುಗ ಬಂದು ಅವನ ಜೊತೆಗೆ ಮಲಗುತ್ತಾನೆ. ಮೊದಲ ವಾರ ಅವನು ಊಟವನ್ನೇ ಮಾಡಲಿಲ್ಲ. ಕಳೆದ ವಾರ ತಾನೇ ಅನ್ನ ಬಡಿಸಿಕೊಂಡು, ಆ ಹುಡುಗನನ್ನೂ ಊಟಕ್ಕೆ ಕರೆದನಂತೆ.

ಈ ಮಾತನ್ನು ಕೇಳುತ್ತಿರುವವರಲ್ಲಿ ನನ್ನಂಥವರು ಇರಬಹುದು. ನಾವಿರುವಾಗಲೇ ಅವರನ್ನು ಆ ಮನೆಗೆ ಕಳುಹಿಸಿ ನೋಡಿದರೆ, ತಪ್ಪಾದದ್ದನ್ನು ತಿದ್ದಲು ನಾವಿರುತ್ತೇವೆ. ನಮ್ಮ ಅನಂತರ ಕಳುಹಿಸುವವರಿಗೆ ಅಂಥ ಬಿಡುವು ಇರಲಾರದು.