ಉದ್ದ ತಿಳಿಯದ ಪಟ್ಟಿಗೆ ಜಾಗವೆಷ್ಟು?

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಅತ್ಯಂತ ಒಣ ಸೀಮೆಗಳಲ್ಲಿ ಸೇರಿದವು. ಇಲ್ಲಿನ ಶೇಂಗಾ ಬೆಳೆಗಾರನಿಗೆ ವರ್ಷದ ಮಳೆಯ ಒಟ್ಟು ಮೊತ್ತವೊಂದೇ ತಿಳಿದರೆ ಸಾಲದು. ಅಷ್ಟೇ ಮಳೆ ಒಂದು ವರ್ಷ ಹದವರಿತು ಬಿದ್ದು ಕಾಯಿ ಕಟ್ಟಿಸೀತು; ಇನ್ನೊಂದು ವರ್ಷ ನಾಲ್ಕೇ ದಿನ ಸುರಿದು ಹಳ್ಳ ಸೇರೀತು. ಆದುದರಿಂದ ಯಾವ ದಿನ ಎಷ್ಟು ಬಿತ್ತೆಂಬ ಪಟ್ಟಿಯೇ ಬೇಕು. 2.5 ಮಿಲಿಮೀಟರಿಗೆ ಕಡಮೆಯಿಲ್ಲದಂತೆ ಬಿದ್ದರೆ ಭಾರತ ಹವಾಮಾನ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುತ್ತದೆ. ಅಂಥ ದಿನಗಳೆಷ್ಟೆಂಬುದು ವರ್ಷ ಮುಗಿಯುವವರೆಗೆ ತಿಳಿಯದು.

ಈ ಪಟ್ಟಿಯನ್ನು ‘ಸಿ’ ಭಾಷೆಯಲ್ಲಿ ಗಣಕಯಂತ್ರಕ್ಕೆ ಒಪ್ಪಿಸುವುದೆಂತು? ಬಗೆಬಗೆಯ ಅಂಶಗಳನ್ನು ಒಂದೇ ಗಂಟಾಗಿ ಕಟ್ಟುವ ‘ಸ್ಟ್ರಕ್ಟ್’ ಎಂಬ ಏರ್ಪಾಡು ಅದರಲ್ಲುಂಟು. ಮಳೆಮಾಪಕ ಕೇಂದ್ರದ ಸಂಖ್ಯೆ, ವರ್ಷ, ಮಳೆದಿನಗಳ ಎಣಿಕೆ, ಈ ತಲೆಭಾಗಕ್ಕೆ 8 ಬೈಟ್. ಪ್ರತಿ ದಿನದ ನಮೂದಿಗೆ 4 ಬೈಟ್ ಎನ್ನೋಣ. 366 ದಿನಕ್ಕೂ ಜಾಗ ಕಾದಿರಿಸಿದರೆ 1,472 ಬೈಟ್ ಆಗುತ್ತದೆ. 30 ದಿನ ಮಳೆಯಾದ ವರ್ಷಕ್ಕೆ ಬೇಕಾದುದು 128 ಮಾತ್ರ; ಉಳಿದುದೆಲ್ಲ ಬೀಳು. ಜಿಪುಣತನದಿಂದ 30 ಮನೆಗಳನ್ನೇ ಇಟ್ಟರೆ, 31ನೆಯ ಮಳೆ ಪಕ್ಕದ ಜಾಗಕ್ಕೆ ನುಗ್ಗಿ ಬೇರಾವುದೋ ಅಂಕಿಯನ್ನು ಕೆಡಿಸೀತು. ‘ಸಿ’ ತಾನಾಗಿ ಅದನ್ನು ತಡೆಯದು.

ಹಿಂದಿನವರು ಸ್ಟ್ರಕ್ಟಿನ ಕೊನೆಯಲ್ಲಿ ಒಂದೇ ಮನೆಯ ಪಟ್ಟಿಯನ್ನು ಘೋಷಿಸಿ, ಜಾಗವನ್ನು ಮಾತ್ರ ಹೆಚ್ಚಾಗಿ ಪಡೆಯುತ್ತಿದ್ದರು. ಜಾಣತನವೇ ಸರಿ, ಆದರೆ ನಿಯಮದ ಬೆಂಬಲವಿರಲಿಲ್ಲ. 1999ರ ಪ್ರಮಾಣವು ಕಟ್ಟಕಡೆಯ ಅಂಶವಾಗಿ, ಚೌಕಕಂಸವನ್ನು ಬರಿದಾಗಿಟ್ಟ ಪಟ್ಟಿಗೆ ಸಮ್ಮತಿಯಿತ್ತಿತು. ಕಡೆಯಲ್ಲಿಯೇ ಏಕೆ? ನಡುವೆ ಇಟ್ಟರೆ ಮುಂದಿನ ಅಂಶದ ನೆಲೆಯನ್ನು ಕಂಪೈಲರ್ ಮೊದಲೇ ಗೊತ್ತುಮಾಡಲಾರದು. ಎಣಿಕೆ ತಿಳಿದ ಮೇಲೆ ತಲೆಭಾಗಕ್ಕೂ ಪಟ್ಟಿಗೂ ಸೇರಿಸಿ ‘ಮ್ಯಾಲಕ್’ ಮೂಲಕ ಒಂದೇ ತುಂಡು ಜಾಗ ಪಡೆಯಬಹುದು. ಮತ್ತೊಂದು ಮಳೆ ಬಂದರೆ ‘ರಿಯಾಲಕ್’ ಅದನ್ನು ಹಿಗ್ಗಿಸುತ್ತದೆ. ಆಗ ಇಡೀ ತುಂಡು ಸ್ಥಳ ಬದಲಿಸಬಹುದಾದುದರಿಂದ ಹಳೆಯ ವಿಳಾಸವನ್ನು ನಂಬಬಾರದು.

ಅಪಾಯವಿರುವುದು ನಕಲು ಮಾಡುವಾಗ. ‘ಸೈಜ್‌ಆಫ್’ ಎಂದು ಅಳತೆ ಕೇಳಿದರೆ 8 ಎಂಬುದೇ ಉತ್ತರ. ಬಾಲ ಅದರ ಲೆಕ್ಕಕ್ಕೆ ಬಾರದು. ಸಮಚಿಹ್ನೆಯಿಂದ ಒಂದು ದಾಖಲೆಯನ್ನು ಇನ್ನೊಂದಕ್ಕೆ ಇಳಿಸಿದರೆ ಎಣಿಕೆ 30 ಎಂದೇ ಹೇಳುತ್ತದೆ, ಮಳೆಯ ಅಂಕಿಗಳು ಬಂದಿರುವುದಿಲ್ಲ. ಬರಗಾಲವನ್ನು ಅಂಕಿಗಳಿಂದ ಅಳೆಯುವ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. 8ಕ್ಕೆ ಎಣಿಕೆಯ ನಾಲ್ಕರಷ್ಟನ್ನು ಕೂಡಿಸಿ, ಅಷ್ಟೂ ಬೈಟುಗಳನ್ನು ‘ಮೆಮ್‌ಕಾಪಿ’ಯಿಂದ ಸಾಗಿಸಬೇಕು. ಕಡತದಿಂದ ಮರಳಿ ಓದುವಾಗಲೂ ಮೊದಲು ತಲೆಯ 8 ಬೈಟುಗಳನ್ನಷ್ಟೇ ಓದಿ, ಎಣಿಕೆ 366ನ್ನು ಮೀರಿಲ್ಲವೆಂದು ನೋಡಿಕೊಂಡ ಬಳಿಕವೇ ಉಳಿದುದಕ್ಕೆ ಜಾಗ ಕೇಳತಕ್ಕದ್ದು.