ವಕೀಲಿಯಿಂದ ಲೋಕೋಪಕಾರಕ್ಕೆ: ಶ್ರೀ ಅಮ್ಮೆಂಬಳ ಸುಬ್ಬರಾವ್ ಪೈಯವರು

ಮೋಟೆಬೆನ್ನೂರಿನ ಸುತ್ತಣ ಒಕ್ಕಲು ಮನೆಗಳಿಗೆ ಬ್ಯಾಡಗಿಯ ಪೇಟೆಯಿಂದ ಮೆಣಸಿನಕಾಯಿಯ ಹಣವು ಬಂದಾಗ, ಅದರಲ್ಲಿ ಮಗಳ ಓದಿಗೆ ಎಷ್ಟನ್ನು ತೆಗೆದಿರಿಸಬೇಕೆಂಬ ಪ್ರಶ್ನೆಯು ಏಳುವುದುಂಟು. ಇಂತಹ ಅಲ್ಪ ಉಳಿತಾಯಗಳು ಒಂದುಗೂಡಿದರೆ ಎಂತಹ ಕಾರ್ಯಗಳು ಸಾಧ್ಯವಾಗುವುವೆಂಬುದನ್ನು ತೋರಿಸಿಕೊಟ್ಟ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಸಂಗ್ರಹವಾಗಿ ಅರುಹಲಿಚ್ಛಿಸುತ್ತೇವೆ.

ಶ್ರೀ ಅಮ್ಮೆಂಬಳ ಸುಬ್ಬರಾವ್ ಪೈಯವರು 1852ನೆಯ ಇಸವಿಯಲ್ಲಿ ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಜನಿಸಿದರು. ಮದರಾಸಿನಲ್ಲಿ ಕಾಯಿದೆಯ ವ್ಯಾಸಂಗವನ್ನು ಮುಗಿಸಿ, ಮಂಗಳೂರಿನಲ್ಲಿ ವಕೀಲರಾಗಿ ನೆಲಸಿದರು. ತಮ್ಮ ವಿದ್ಯೆಯನ್ನು ಬರಿಯ ಧನಾರ್ಜನೆಗೆ ಮೀಸಲಿಡದೆ, 1891ರಲ್ಲಿ ಕೆನರಾ ಹೈಸ್ಕೂಲನ್ನೂ, 1894ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇನ್ನೊಂದು ಶಾಲೆಯನ್ನೂ ಸ್ಥಾಪಿಸಿದರು. ಹೆಣ್ಣುಮಗಳ ಕೈಗೆ ಪುಸ್ತಕವನ್ನು ಕೊಡುವುದೇ ಅಪರೂಪವಾಗಿದ್ದ ಕಾಲವದು.

ಅನಂತರ 1906ನೆಯ ಜುಲೈ 1ರಂದು 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಎಂಬ ನಿಧಿಯನ್ನು ಆರಂಭಿಸಿದರು. ಇಂತಹ ನಿಧಿಯ ಕ್ರಮವು ಸರಳವಾದುದು. ಹಲವರು ಪಾಲುಗಳನ್ನು ಕೊಂಡು, ತಮ್ಮ ಉಳಿತಾಯವನ್ನು ಠೇವಣಿಯಿಡುವರು; ಹಾಗೆ ಕೂಡಿದ ಮೊತ್ತವು ಅವಶ್ಯಕತೆಯುಳ್ಳವರಿಗೆ ಸಾಲವಾಗಿ ಒದಗಿ, ಬಡ್ಡಿಯೊಡನೆ ಮರಳಿ ಬರುವುದು. ಒಬ್ಬನ ದಾನವು ಅವನೊಡನೆಯೇ ಮುಗಿಯಬಹುದು. ಆದರೆ ನಿಯಮವೂ ಲೆಕ್ಕವೂ ಚೆನ್ನಾಗಿರುವ ಸಂಸ್ಥೆಯು ಸ್ಥಾಪಕನ ಕಾಲಾನಂತರವೂ ಬಾಳುವುದು. ಪೈಯವರು 1909ರಲ್ಲಿಯೇ ದಿವಂಗತರಾದರು. ಆದರೂ ನಿಧಿಯು ಅಳಿಯಲಿಲ್ಲ. 1910ರಲ್ಲಿ ಅದು ಕೆನರಾ ಬ್ಯಾಂಕ್ ಎಂಬ ಹೆಸರನ್ನು ತಳೆಯಿತು.

ಅದೇ ಕರಾವಳಿಯಲ್ಲಿ ಈ ಮಾರ್ಗವು ವೈದ್ಯವಿದ್ಯೆಯವರೆಗೂ ಸಾಗಿತು. ವೈದ್ಯರಾಗಿದ್ದ ಡಾ. ಟಿ. ಎಂ. ಎ. ಪೈಯವರು ಇಬ್ಬರು ಸಂಗಡಿಗರೊಡನೆ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 1928ರಲ್ಲಿ 'ಪಿಗ್ಮಿ' ಠೇವಣಿಯು ಮೊದಲಾಯಿತು. ಬ್ಯಾಂಕಿನವರೇ ದಿನವೂ ಮನೆಬಾಗಿಲಿಗೆ ಬಂದು 2 ಆಣೆಯನ್ನು, ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲನ್ನು, ಸಹ ಆದರದಿಂದ ಸ್ವೀಕರಿಸುತ್ತಿದ್ದರು. ಅದೇ ಮಹನೀಯರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿ, ವೈದ್ಯರನ್ನು ತಯಾರಿಸುವ ಕಾರ್ಯಕ್ಕೆ ಕೈಯಿಕ್ಕಿದರು. 1969ರಲ್ಲಿ ಈ ಎರಡು ಬ್ಯಾಂಕುಗಳೂ ಸರಕಾರದ ಸ್ವತ್ತಾದುವು. 2020ನೆಯ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ವಕೀಲರು ನೆಟ್ಟುದೂ ವೈದ್ಯರು ಬೆಳೆಸಿದುದೂ ಹೀಗೆ ಒಂದಾದುವು.

ಪ್ರಿಯ ಪಾಲಕರೇ, ಮಗಳ ಮದುವೆಗೆಂದು ಹಣವನ್ನು ಕೂಡಿಡುವ ವಾಡಿಕೆಯು ನಮ್ಮಲ್ಲಿ ಹಳೆಯದು. ಆದರೆ ಹತ್ತನೆಯ ತರಗತಿಯೊಡನೆ ಅವಳ ಓದು ನಿಂತುಹೋದರೆ, ಆಗ ನಷ್ಟವಾದುದನ್ನು ಯಾವ ಬಂಗಾರವೂ ಮರಳಿ ತಂದುಕೊಡಲಾರದು. ಸುಬ್ಬರಾವ್ ಪೈಯವರು ಹೆಣ್ಣುಮಕ್ಕಳ ಶಾಲೆಯನ್ನು ಮೊದಲು ತೆರೆದು, ಅದಾದ 12 ವರುಷಗಳ ಮೇಲೆ ನಿಧಿಯನ್ನು ಸ್ಥಾಪಿಸಿದರೆಂಬುದನ್ನು ನಾವು ಮರೆಯದಿರೋಣ. ಈ ಸುಗ್ಗಿಯ ಹಣದಲ್ಲಿಯೂ ಮೊದಲ ಪಾಲು ಮಗಳ ಓದಿಗೆ ಸಲ್ಲಲಿ.